ಹಿತ್ತಲಿನ ಹಳೇ ಮಾರುತಿ 800 ಬಿಚ್ಚಿ ಎರಡು ಸೀಟಿನ ಓಪನ್ ಕಾರು ಮಾಡೋಕೆ 80 ಸಾವಿರ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಡಿಪ್ಲೊಮಾ ಎರಡನೇ ವರ್ಷ, ಕೈಯಲ್ಲಿ 80 ಸಾವಿರ, ಸೋದರಮಾವನ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿರುವ 1997ರ ಮಾರುತಿ 800. ಅದನ್ನು ಬಿಚ್ಚಿ, ಕಮ್ಮಿ ಬಿದ್ದದ್ದನ್ನು ಗುಜರಿಯಿಂದ ತಂದು, ಲೋಟಸ್ ಸೆವೆನ್ ಅನ್ನೋ ಹಳೇ ಇಂಗ್ಲಿಷ್ ಕಾರಿನ ತರಹದ ಓಪನ್ ಕಾರು ಕಟ್ಟಬಹುದಾ, ರೋಡಿಗೆ ಇಳಿಸಬಹುದಾ ಅಂತ.

ಕಟ್ಟಬಹುದು. ರೋಡಿಗೆ ಇಳಿಸೋಕಾಗಲ್ಲ. 80 ಸಾವಿರ ಸಾಲುತ್ತೆ ಅಂತ ನನಗನಿಸಲ್ಲ, ಆದರೆ ಕಾರು ಮಾವನದು ಅಂದಮೇಲೆ ಹತ್ತಿರ ಹತ್ತಿರ ಬರುತ್ತೀರಿ.

ನಾನು ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಫಿಟ್ಟರ್. ತಿಪಟೂರಿನ ಹತ್ತಿರ ನನ್ನ ಹೆಂಡತಿಯ ಅಪ್ಪನ ತೆಂಗಿನ ತೋಟ ಇದೆ. ಅಲ್ಲಿ ಭಾನುವಾರಗಳಲ್ಲಿ ಕೂತು ಎರಡು ವರ್ಷ ನಾಲ್ಕು ತಿಂಗಳಲ್ಲಿ ಇಂಥದ್ದೇ ಒಂದು ಗಾಡಿ ಕಟ್ಟಿದ್ದೇನೆ. ತೋಟದೊಳಗೇ ಓಡುತ್ತೆ, ಬೇಲಿ ದಾಟಿಲ್ಲ.

ಮೊದಲು ಆ ಸೆವೆನ್ ಆಸೆಯ ಬಗ್ಗೆ. 1957ರಲ್ಲಿ ಇಂಗ್ಲೆಂಡಿನಲ್ಲಿ ಆ ಕಾರು ಬಂದಾಗ ಜನ ಅದನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಕೊಳ್ಳುತ್ತಿದ್ದದ್ದು ತೆರಿಗೆ ಉಳಿಸೋಕೆ. ಪೂರ್ತಿ ಜೋಡಿಸಿದ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಇತ್ತು, ಕಿಟ್‌ಗೆ ಇರಲಿಲ್ಲ. ಆಮೇಲಿನ ಕಾಲದಲ್ಲಿ ಅಲ್ಲಿನವರು ಶೆಡ್ಡುಗಳಲ್ಲಿ ಅದೇ ಆಕಾರದ ಅಗ್ಗದ ಕಾರು ಕಟ್ಟೋಕೆ ಶುರುಮಾಡಿದರು, ಅದಕ್ಕೆ ಲೋಕಾಸ್ಟ್ ಅಂತ ಹೆಸರು. ಅವರಿಗೆ ಅದು ಸಲೀಸಾದದ್ದಕ್ಕೆ ಕಾರಣ ಹಳೇ ಫೋರ್ಡ್ ಎಸ್ಕಾರ್ಟ್. ಎಂಜಿನ್ ಮುಂದೆ ಉದ್ದುದ್ದ, ಗೇರ್‌ಬಾಕ್ಸ್ ಅದರ ಬೆನ್ನಿಗೆ, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಗಟ್ಟಿ ಆಕ್ಸಲ್. ಬಿಚ್ಚು, ಹೊಸ ಚಾಸಿಗೆ (ಪೈಪಿನ ಚೌಕಟ್ಟಿಗೆ) ಕೂರಿಸು, ಅಷ್ಟೇ. ನಿಮ್ಮ 800ರಲ್ಲಿ ಎಂಜಿನ್ ಅಡ್ಡಡ್ಡ ಇದೆ, ಎಳೆಯುವುದು ಮುಂದಿನ ಚಕ್ರ. ಅದನ್ನು ಉದ್ದನೆಯ ಮೂತಿಯೊಳಗಿಟ್ಟು ಹಿಂದಿನ ಚಕ್ರ ತಿರುಗಿಸೋ ಯೋಚನೆ ಬಿಟ್ಟುಬಿಡಿ. ಸೆವೆನ್ ತರಹವೇ ಬೇಕು ಅಂದರೆ ಓಮ್ನಿ ಹುಡುಕಿ. ಅದೇ 796 ಸಿಸಿ ಎಂಜಿನ್, ಆದರೆ ಉದ್ದುದ್ದ ಕೂತಿರುತ್ತೆ, ಹಿಂದಿನ ಚಕ್ರ ಎಳೆಯುತ್ತೆ.

800 ಇಟ್ಟುಕೊಂಡು ಮಾಡಬಹುದಾದ ಸುಲಭದ ದಾರಿ ಬೇರೆ. ಮುಂದಿನ ಭಾಗವನ್ನು ಎಂಜಿನ್, ಗೇರ್‌ಬಾಕ್ಸ್, ಸ್ಟ್ರಟ್, ಕೆಳಗಿನ ಆರ್ಮ್ ಸಮೇತ ಇಡಿಯಾಗಿ ತೆಗೆದು ಹೊಸ ಚಾಸಿಯ ಹಿಂದಕ್ಕೆ ಕೂರಿಸುವುದು. ಮುಂದಕ್ಕೆ ಇನ್ನೊಂದು 800ರ ಮುಂಭಾಗ. ನಾನು ಮಾಡಿದ್ದು ಅದೇ. ಹಿಂದಕ್ಕೆ ಹೋದ ಚಕ್ರಗಳಿಗೆ ಸ್ಟೇರಿಂಗ್ ಬೇಡವಲ್ಲ, ಅವನ್ನು ತಿರುಗಿಸೋ ಟೈರಾಡ್‌ಗಳನ್ನು ಚಾಸಿಗೇ ಕಟ್ಟಬೇಕು. ಎಲ್ಲೆಂದರಲ್ಲಿ ಕಟ್ಟಬೇಡಿ. ಸ್ಟೇರಿಂಗ್ ರ್ಯಾಕಿನಲ್ಲಿ ಅವುಗಳ ಒಳತುದಿ ಎಲ್ಲಿತ್ತೋ ಕರೆಕ್ಟಾಗಿ ಅಲ್ಲೇ ಕಟ್ಟಿ. ಇಲ್ಲದಿದ್ದರೆ ಗುಂಡಿಗೆ ಇಳಿದಾಗಲೆಲ್ಲ ಹಿಂದಿನ ಚಕ್ರ ತಾನೇ ತಿರುಗುತ್ತೆ, ಗಾಡಿ ಏಡಿ ನಡೆದ ಹಾಗೆ ಹೋಗುತ್ತೆ.

ಈಗ ದುಡ್ಡು. ಎಫ್‌ಸಿ ಮುಗಿದ ಕಾರ್ಬ್ಯುರೇಟರ್ 800 ಇಡಿಯಾಗಿ 18,000ಕ್ಕೆ ಸಿಕ್ಕಿತು. ಇನ್ನೊಂದರ ಮುಂಭಾಗ ಶಿವಾಜಿನಗರದ ಗುಜರಿಯಲ್ಲಿ 6,500. ಎರಡು ಎಂಎಂ ದಪ್ಪದ 25×25 ಚೌಕ ಪೈಪು, 20 ಅಡಿಯವು ಹತ್ತು, ಸುಮಾರು 86 ಕೆ.ಜಿ., ಅದಕ್ಕೂ ಹೆಚ್ಚುಕಮ್ಮಿ 6,500. ಅಲ್ಲಿಗೆ 31,000. ಇಷ್ಟರಲ್ಲಿ ಕಾರು ಬಂದಾಯ್ತು ಅಂದುಕೊಂಡು ಹೆಂಡತಿಗೆ 60 ಸಾವಿರದ ಲೆಕ್ಕ ಕೊಟ್ಟೆ. ಕೊನೆಗೆ ಆದದ್ದು 1,04,000. ಉಳಿದ 73,000 ಎಲ್ಲಿ ಹೋಯಿತು ಅಂತ ಬರೆದಿಟ್ಟ ನೋಟ್‌ಬುಕ್ ಇನ್ನೂ ಇದೆ, ಒಂದು ಪುಟದಲ್ಲೂ ದೊಡ್ಡ ಮೊತ್ತ ಇಲ್ಲ. ಕಟಿಂಗ್ ವೀಲ್, ವೆಲ್ಡಿಂಗ್ ರಾಡ್, ಹೈ ಟೆನ್ಸಿಲ್ ಬೋಲ್ಟು, ನೈಲಾಕ್ ನಟ್ಟು, ರಬ್ಬರ್ ಬುಷ್, ಎಂಜಿನ್ ಮೌಂಟಿಂಗ್, ಬ್ರೇಕ್ ಪೈಪು, ಹೋಸ್, ಕ್ಲಿಪ್ಪು, ಲೇತ್‌ನವನಿಗೆ ಇನ್ನೂರು, ಮತ್ತೆ ಇನ್ನೂರು, ಟೆಂಪೋ ಬಾಡಿಗೆ, ನಾಲ್ಕು ಟೈರು. ಬಾಗಿಲು, ಗಾಜು, ಹಿಂದಿನ ಸೀಟು ಮಾರಿ 9,000 ವಾಪಸ್ ಬಂತು. ಡಿಕ್ಕಿಯ ಬಾಗಿಲು ಯಾರೂ ತಗೊಳ್ಳಲಿಲ್ಲ, ನನ್ನ ಮಾವನ ಕೋಳಿಗೂಡಿಗೆ ಸೂರಾಗಿದೆ.

ಆದ್ದರಿಂದ ಹೇಳುತ್ತೇನೆ, ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಅಂತ ಬಿಡಿಬಿಡಿಯಾಗಿ ಕೊಳ್ಳೋಕೆ ಹೋಗಬೇಡಿ. ಅಂಗಡಿಯಲ್ಲಿ ಎಂಜಿನ್ ಅಗ್ಗವಾಗೇ ಸಿಗುತ್ತೆ. ಅದರ ಬ್ರ್ಯಾಕೆಟ್ಟು, ಕ್ಲಚ್ ಕೇಬಲ್ಲು, ಆಕ್ಸಿಲರೇಟರ್ ಪೆಡಲ್ಲು, ಫ್ಯೂಸ್ ಬಾಕ್ಸು, ಒಂದು ವಿಚಿತ್ರ ಅಳತೆಯ ಬೋಲ್ಟು ಹುಡುಕಿಕೊಂಡು ಆರು ಭಾನುವಾರ ಹೋಗುತ್ತೆ. ನಿಮ್ಮಲ್ಲಿ ಇಡೀ ಕಾರು ಇದೆ, ಅದೇ ನಿಮ್ಮ ದೊಡ್ಡ ಆಸ್ತಿ. ಬಿಚ್ಚಿದ ಪ್ರತಿ ಬೋಲ್ಟನ್ನೂ ಅದು ಬಂದ ಜಾಗದ ಹೆಸರು ಬರೆದು ಕವರಿಗೆ ಹಾಕಿ. ವೈರಿಂಗ್ ಕತ್ತರಿಸಬೇಡಿ, ಕನೆಕ್ಟರಿನಲ್ಲೇ ಬಿಚ್ಚಿ. 1997ರದ್ದಾದರೆ ಕಾರ್ಬ್ಯುರೇಟರ್ ಗಾಡಿ. ಇಸಿಎಂ ಅನ್ನೋ ಕಂಪ್ಯೂಟರ್ ಇಲ್ಲ, ಸೆನ್ಸರ್ ಕಾಟ ಇಲ್ಲ, ಪೆಟ್ರೋಲ್ ಪಂಪನ್ನೂ ಎಂಜಿನ್ನೇ ಓಡಿಸುತ್ತೆ. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಇಲ್ಲ.

ಗುಜರಿಯಲ್ಲಿ ಉಳಿಸೋಕೆ ಹೋಗಿ ನಾನು ಪಟ್ಟ ಪಾಡು ಒಂದು ಕೇಳಿ. ಎರಡನೇ ಮುಂಭಾಗ ಕೊಳ್ಳುವಾಗ ಅಂಗಡಿಯ ಭಾಯ್ "ಆಕ್ಸಲ್ ಬೇಕಾ?" ಅಂದರು. ಮುಂದೆ ಎಂಜಿನ್ನೇ ಇರಲ್ಲ, ಚಕ್ರ ತಿರುಗಿಸೋ ಆಕ್ಸಲ್ ಯಾಕೆ ಅಂತ ಬಿಟ್ಟು 800 ರೂಪಾಯಿ ಉಳಿಸಿದೆ. ಗಾಡಿ ನಾಲ್ಕು ಚಕ್ರದ ಮೇಲೆ ನಿಂತ ದಿನ ತೋಟದಲ್ಲಿ ಹತ್ತು ಸುತ್ತು ತಳ್ಳಿದೆವು. ಆಮೇಲೆ ಜಾಕ್ ಹಾಕಿ ಮುಂದಿನ ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಅಲ್ಲಾಡಿಸಿದರೆ ಟಕ್ ಟಕ್ ಟಕ್. ಬೇರಿಂಗ್ ಹೋಗಿದೆ ಅಂತ ಹೊಸದು ಹಾಕಿಸಿದೆ. ಮುಂದಿನ ಭಾನುವಾರ ಮತ್ತೆ ಟಕ್ ಟಕ್. ಊರಿನ ಗ್ಯಾರೇಜಿನ ಹಿರಿಯರೊಬ್ಬರು ಬಂದು ಚಕ್ರ ಬಿಗಿಯುವ ಹಬ್ಬಿನ ನಡುವಿನ ತೂತಿನೊಳಗೆ ಬೆರಳು ತೂರಿಸಿ, "ಬಾಗಿಲು ಹಾಕಿದ್ದೀಯ, ಚಿಲಕ ಎಲ್ಲಪ್ಪಾ?" ಅಂದರು. ಆ ಹಬ್ಬಿನಲ್ಲಿ ಬೇರಿಂಗನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವುದೇ ಆಕ್ಸಲ್ಲಿನ ಹೊರತುದಿ ಮತ್ತು ಅದರ ದೊಡ್ಡ ನಟ್ಟು. ಅದಿಲ್ಲದೆ ಹಬ್ಬು ಬರೀ ಬಿಗುವಿನ ಮೇಲೆ ನಿಂತಿರುತ್ತೆ, ಇವತ್ತಲ್ಲ ನಾಳೆ ಕಳಚಿಕೊಳ್ಳುತ್ತೆ. ಅವರ ಗ್ಯಾರೇಜಿನ ಮೂಲೆಯಲ್ಲೇ ಸವೆದು ಬಿಸಾಕಿದ ಆಕ್ಸಲ್ಲುಗಳ ಎರಡು ಹೊರಜಾಯಿಂಟ್ ಬಿದ್ದಿದ್ದವು. ಶಾಫ್ಟ್ ತೆಗೆದು, ಒಳಗಿನ ಗುಂಡುಗಳನ್ನು ಉದುರಿಸಿ, ಬರೀ ತುದಿಯನ್ನು ಹಬ್ಬಿಗೆ ತೂರಿಸಿ ನಟ್ಟು ಬಿಗಿದು ಲಾಕ್ ಮಾಡಿದೆ. ಟಕ್ ಟಕ್ ನಿಂತಿತು. ಖರ್ಚು ಒಂದು ಟೀ, ಎರಡು ಬನ್ನು, ಮತ್ತೆ ಅದಕ್ಕೂ ಮೊದಲು ದಂಡ ಕಟ್ಟಿದ ಬೇರಿಂಗು.

ಚಾಸಿಯ ವೆಲ್ಡಿಂಗ್ ಬಗ್ಗೆ ಒಂದೇ ಮಾತು. ಪಂಪ್‌ಹೌಸಿನ ಸಿಮೆಂಟ್ ನೆಲದ ಮೇಲೆ ಎಲ್ಲ ಟ್ಯಾಕ್ ಹೊಡೆದು (ಅಲ್ಲಲ್ಲಿ ಚುಕ್ಕೆಯಷ್ಟೇ ವೆಲ್ಡ್ ಮಾಡಿ) ಮೂಲೆಯಿಂದ ಮೂಲೆಗೆ ಟೇಪ್ ಹಿಡಿದಾಗ ಎರಡು ಕರ್ಣಗಳಿಗೂ ಮೂರು ಎಂಎಂ ವ್ಯತ್ಯಾಸ ಇತ್ತು, ಪರವಾಗಿಲ್ಲ. ತೋಟಕ್ಕೆ ತ್ರೀ ಫೇಸ್ ಬರೋದೇ ರಾತ್ರಿ. ಕರೆಂಟು ಹೋಗೋದರೊಳಗೆ ಮುಗಿಸಬೇಕು ಅಂತ ಒಂದು ಮಗ್ಗುಲನ್ನು ಪೂರ್ತಿ ಒಂದೇ ಸಲಕ್ಕೆ ಎಳೆದೆ. ಬೆಳಗ್ಗೆ ಅಳೆದರೆ ಬಿಸಿಗೆ ಸೊಟ್ಟಗಾಗಿ ವ್ಯತ್ಯಾಸ 11 ಎಂಎಂ. ನಾಲ್ಕು ಜಾಯಿಂಟ್ ಕತ್ತರಿಸಿ ಮತ್ತೆ ಮಾಡಿದೆ. ಇಲ್ಲೊಂದು ಇಂಚು ಹೊಡೆದರೆ ಮುಂದಿನ ಇಂಚು ಎದುರು ಮೂಲೆಯಲ್ಲಿ ಹೊಡೆಯಿರಿ, ಅಷ್ಟು ಹೊತ್ತಿಗೆ ಇದು ಆರಿರುತ್ತೆ.

ಬ್ರೇಕು, ಸ್ಟೇರಿಂಗು ಎರಡಕ್ಕೆ ಮಾತ್ರ ಗುಜರಿಯ ರಬ್ಬರು ಬೇಡ. ಹೋಸು, ಕ್ಯಾಲಿಪರ್ ಸೀಲು, ಮಾಸ್ಟರ್ ಸಿಲಿಂಡರ್ ಕಿಟ್ಟು, ಬಾಲ್ ಜಾಯಿಂಟು, ಟೈರಾಡ್ ಎಂಡು ಹೊಸವೇ ಹಾಕಿ. ಇನ್ನೊಂದು, ನಾನು ಮೊದಲೇ ಯೋಚಿಸದೆ ಸಿಕ್ಕಿಬಿದ್ದದ್ದು: 800ರ ಹ್ಯಾಂಡ್‌ಬ್ರೇಕ್ ಇರೋದು ಹಿಂದಿನ ಡ್ರಮ್ಮಿನಲ್ಲಿ. ಎರಡೂ ಕಡೆ ಮುಂಭಾಗವೇ ಕೂತಾಗ ಹ್ಯಾಂಡ್‌ಬ್ರೇಕ್ ಇಲ್ಲದ ಗಾಡಿ ತಯಾರಾಗುತ್ತೆ. ನನ್ನದು ಇವತ್ತಿಗೂ ಇಳಿಜಾರಿನಲ್ಲಿ ಕಲ್ಲು ಕೊಟ್ಟೇ ನಿಲ್ಲೋದು. ನಾಚಿಕೆಗೇಡು, ಗೊತ್ತು. ಗೇರು ಕೂಡ ಉಲ್ಟಾ: ಲಿಂಕನ್ನು ಮುಂದಕ್ಕೆ ತಿರುಗಿಸಿಕೊಂಡದ್ದರಿಂದ ಫಸ್ಟ್ ಗೇರಿಗೆ ಹಿಂದಕ್ಕೆ ಎಳೀಬೇಕು. ಅದು ಅಭ್ಯಾಸವಾಯಿತು.

ರೋಡಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. "ಹಳೇ ಆರ್‌ಸಿ ಇದೆಯಲ್ಲ, ಅದರಲ್ಲೇ ಓಡಿಸ್ತೀನಿ" ಅನ್ನೋಕೆ 52ನೇ ಸೆಕ್ಷನ್ ಅಡ್ಡ ಬರುತ್ತೆ. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾರ್ಪಾಡು ಮಾಡಬಾರದು ಅನ್ನುತ್ತೆ ಅದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಗಾಡಿಯನ್ನೂ ತಪಾಸಣೆ ಮಾಡಿ ಪಾಸು ಮಾಡುವ ಐವಿಎ ಅಂತ ಪರೀಕ್ಷೆ ಇದೆ. ನಮ್ಮಲ್ಲಿ ಹೊಸ ಮಾದರಿ ಅಂದರೆ ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆ ಆಗಬೇಕು, ಅದು ಕಂಪನಿಗಳ ಕೆಲಸ. 2021ರ ಕೊನೆಯಲ್ಲಿ ಸಾಂಗ್ಲಿ ಜಿಲ್ಲೆಯ ಒಬ್ಬರು ಸುಮಾರು 60 ಸಾವಿರದಲ್ಲಿ ಗುಜರಿ ಸಾಮಾನಿನಿಂದ ಕಟ್ಟಿದ ಪುಟ್ಟ ಜೀಪು ಸುದ್ದಿಯಾದದ್ದು ನೆನಪಿರಬಹುದು. ಆನಂದ್ ಮಹೀಂದ್ರಾ ಮೆಚ್ಚಿಕೊಂಡು ಬದಲಿಗೆ ಬೊಲೆರೊ ಕೊಟ್ಟರು. ಆದರೆ ನಿಯಮಕ್ಕೆ ಹೊಂದದ ಗಾಡಿ ಇದು, ಇವತ್ತಲ್ಲ ನಾಳೆ ಅಧಿಕಾರಿಗಳು ತಡೀತಾರೆ ಅಂತ ಮಹೀಂದ್ರಾ ಅವರೇ ಹೇಳಿದ್ದರು. ಯೂಟ್ಯೂಬಿನಲ್ಲಿ ಹೈವೇ ಮೇಲೆ ಓಡಿಸೋರನ್ನು ನೋಡಿ ಮರುಳಾಗಬೇಡಿ. ಇನ್ಶೂರೆನ್ಸ್ ಇಲ್ಲದ ಆ ಗಾಡಿ ಯಾರಿಗಾದರೂ ಗುದ್ದಿದರೆ ಮಾವನ ಹೊಲ ಮಾರಬೇಕಾಗುತ್ತೆ.

ಸ್ಪ್ಯಾನರ್ ಹಿಡಿಯೋ ಮೊದಲು ಈ ಭಾನುವಾರ ಎರಡು ಕೆಲಸ ಮಾಡಿ. ಮಾವನ ಹತ್ತಿರ ಆರ್‌ಸಿ ಇದೆಯಾ, ಯಾರ ಹೆಸರಲ್ಲಿದೆ ನೋಡಿ. ಗಾಡಿ ಬಿಚ್ಚಿದ ಮೇಲೆ ಅದನ್ನು ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು, ಅದಕ್ಕೆ 14 ದಿನದ ಗಡುವು ಇದೆ. ಎರಡನೆಯದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ರಿಂಗ್ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ತಿರುಗಿದರೆ ಗ್ಯಾರೇಜಿನಿಂದ ಸಿಲಿಂಡರಿನ ಒತ್ತಡ ಅಳೆಯೋ ಕಂಪ್ರೆಶನ್ ಗೇಜ್ ಕೇಳಿ ತಂದು ಮೂರೂ ಸಿಲಿಂಡರ್ ಅಳೆದು ಮೂರು ಅಂಕಿಯನ್ನೂ ಇಲ್ಲಿ ಕಾಮೆಂಟಿನಲ್ಲಿ ಹಾಕಿ. ಚಾಸಿಯ ಅಳತೆ ನಾನು ಬರೆದಿಟ್ಟಿದ್ದೇನೆ, ಕಳಿಸುತ್ತೇನೆ.