ಶಾಲೆಯಲ್ಲಿ ಸಿಬ್ಬಂದಿ ಹನ್ನೊಂದೇ ಜನ ಇರುವಾಗ, ಆಡಳಿತ ಮಂಡಳಿಯ ಸಿಬ್ಬಂದಿ ಪ್ರತಿನಿಧಿಯನ್ನು ಕೈ ಎತ್ತಿಸಿ ಆರಿಸಿದರೆ ಸಾಲದೇ?
ಸಾಲದು. ಗುಪ್ತ ಮತದಾನವೇ ಆಗಬೇಕು. ಮುಖ್ಯೋಪಾಧ್ಯಾಯರ ಎದುರು ಕೈ ಎತ್ತುವ ಗುಮಾಸ್ತರೋ ಹೊಸ ಶಿಕ್ಷಕರೋ ನಾಳೆ ಅವರ ಬಳಿಯೇ ರಜೆ ಕೇಳಬೇಕು. ಆ ಅಳುಕಿನಲ್ಲಿ ಬಿದ್ದ ಮತ ಅವರದ್ದಲ್ಲ.

ಮೊದಲು ಶಾಲೆ ನಡೆಸುವ ಸಂಸ್ಥೆಯ ಬೈಲಾ, ಅಂದರೆ ಒಳ ನಿಯಮಾವಳಿ, ನೋಡಿ: ಮತದಾರರು ಬೋಧಕರಷ್ಟೇ ಅಥವಾ ಗುಮಾಸ್ತ, ಜವಾನರೂ ಸೇರಿಯೇ ಎಂಬುದು ಅಲ್ಲಿಯೇ ಇರಬೇಕು. ಮತದಾರರ ಪಟ್ಟಿಯನ್ನು ನಾಮಪತ್ರಕ್ಕೆ ಮುಂಚೆಯೇ ಹಚ್ಚಿ. ಚುನಾವಣಾಧಿಕಾರಿ ಸ್ಪರ್ಧಿಯೂ ಆಗಿರಬಾರದು, ಮುಖ್ಯೋಪಾಧ್ಯಾಯರೂ ಬೇಡ.

ಸಣ್ಣ ಶಾಲೆಯಲ್ಲಿ ಗುಟ್ಟು ರಟ್ಟಾಗುವುದು ಕೈಬರಹದಿಂದ. ಖಾಲಿ ಚೀಟಿ ಕೊಟ್ಟು ಹೆಸರು ಬರೆಸಿದರೆ, ದಿನವೂ ಹಾಜರಿ ಪುಸ್ತಕ ನೋಡುವವರಿಗೆ ಅಕ್ಷರ ಯಾರದ್ದೆಂದು ತಿಳಿಯುತ್ತದೆ. ಹೆಸರುಗಳನ್ನು ಮುದ್ರಿಸಿ, ಎಲ್ಲರಿಗೂ ಒಂದೇ ಪೆನ್ನಿನಲ್ಲಿ ಗುರುತು ಹಾಕಿಸಿ. ಚೀಟಿಗೆ ಕ್ರಮಸಂಖ್ಯೆ ಬೇಡ, ಹಿಂಬದಿಗೆ ಅಧಿಕಾರಿಯ ಸಹಿ ಸಾಕು. ಸಹಿಯಿಲ್ಲದ್ದು ಎಣಿಕೆಗಿಲ್ಲ.

ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈ, ಆಗಸ್ಟ್ ತಪ್ಪಿಸಿ. ಮಳೆ ರಜೆ ಘೋಷಣೆಯಾದರೆ ಮತದಾನದ ದಿನವೇ ಹೋಗುತ್ತದೆ. ಬದಲಿ ದಿನಾಂಕವನ್ನು ನೋಟೀಸಿನಲ್ಲೇ ಬರೆದಿಡಿ. ಸಮ ಮತ ಬಂದರೆ ಚೀಟಿ ಎತ್ತುವುದೆಂದೂ ಅಲ್ಲಿಯೇ ತಿಳಿಸಿ. ವಿಧಾನಸಭಾ ಚುನಾವಣೆಯಲ್ಲೂ ಅದೇ ಕ್ರಮ. ಫಲಿತಾಂಶ ನೋಡಿದ ಮೇಲೆ ಮಾಡಿದ ನಿಯಮವನ್ನು ಸೋತವರು ಒಪ್ಪುವುದಿಲ್ಲ.