ಕಣ್ಣಿನ ಪ್ರಶ್ನೆ: ‘ಆಪರೇಷನ್ ಮಾಡಿಸಿದ್ರೆ ಸರಿ ಆಗುತ್ತಾ ಡಾಕ್ಟ್ರೇ?’

ಈ ಸಲ ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಸುತ್ತಿ ಬಳಸಿ ಐದೂ ಕೇಳುವುದು ಒಂದೇ ಮಾತು: ಆಪರೇಷನ್ ಮಾಡಿಸಿದ್ರೆ ಸರಿ ಆಗುತ್ತಾ? ಕಲಬುರಗಿಯ ನನ್ನ ಓಪಿಡಿಯಲ್ಲೂ ದಿನಾ ಕೇಳುವ ಮಾತಿದು. ಯಾವ ಕಾಯಿಲೆ ಅಂತ ಗೊತ್ತಾಗದೆ ಇದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಹಾಗಾಗಿ ಕೆಲವು ಕಡೆ ಉತ್ತರಕ್ಕಿಂತ ನನ್ನ ಮರುಪ್ರಶ್ನೆಗಳೇ ಜಾಸ್ತಿ ಇವೆ. ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಭತ್ತದ ರಾಶಿ ಮಾಡುವಾಗ ಅಪ್ಪನ ಬಲಗಣ್ಣಿಗೆ ಹೊಟ್ಟು ಬಡಿಯಿತು. ಪಕ್ಕದ ಮನೆಯ ಅಜ್ಜಿ ನಾಲಿಗೆಯಿಂದ ಕಸ ತೆಗೆದರು. ಮೆಡಿಕಲ್ ಅಂಗಡಿಯ ಡ್ರಾಪ್ಸ್ ಹಾಕಿದೆವು, ಕೆಂಪು ಕಡಿಮೆಯಾಯಿತು. ಹನ್ನೆರಡು ದಿನದ ಮೇಲೆ ಈಗ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣುತ್ತಿದೆ. ‘ಕಣ್ಣಾಗ ಹೂ ಬಿದ್ದದ, ಆಪರೇಷನ್ ಮಾಡಿ ತೆಗೀತಾರ’ ಅನ್ನುತ್ತಾರೆ ಊರವರು. ಸುಗ್ಗಿ ಮುಗಿಸಿಕೊಂಡು ಬಂದರೆ ನಡೆಯುತ್ತಾ?
– ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ನಡೆಯುವುದಿಲ್ಲ. ಪತ್ರ ಓದಿದ ತಕ್ಷಣ ನಿಮಗೆ ಫೋನ್ ಮಾಡಿ ಹೇಳಿದ್ದೂ ಇದನ್ನೇ. ಇಲ್ಲಿ ಬರೆಯುತ್ತಿರುವುದು ಇಂಥದ್ದೇ ಕಣ್ಣು ಇಟ್ಟುಕೊಂಡು ಸುಗ್ಗಿ ಮುಗಿಯಲಿ ಅಂತ ಕಾಯುತ್ತಿರುವ ಬೇರೆಯವರಿಗಾಗಿ.

ಹೂ ಅಂದರೆ ವಾಸಿಯಾದ ಗಾಯದ ಕಲೆ. ನಿಮ್ಮ ಅಪ್ಪನದು ಇನ್ನೂ ಹಸಿ ಹುಣ್ಣು. ಭತ್ತದ ಹೊಟ್ಟು, ತೊಗರಿ ಕಟ್ಟಿಗೆ, ಜೋಳದ ಎಲೆ ಇವುಗಳ ಮೇಲೆ ಬೂಸ್ಟು, ಅಂದರೆ ಫಂಗಸ್, ಇದ್ದೇ ಇರುತ್ತದೆ. ಕಣ್ಣಿನ ಮುಂದಿನ ಗಾಜಿನಂಥ ಪದರಕ್ಕೆ ಕಾರ್ನಿಯಾ ಅನ್ನುತ್ತೇವೆ. ಅದು ಗೀರಿದರೆ ಫಂಗಸ್ ಒಳಗೆ ಬೇರು ಬಿಡುತ್ತದೆ. ಜೊತೆಗೆ ನಾಲಿಗೆ! ಆ ಅಜ್ಜಿಯ ಪ್ರೀತಿ ದೊಡ್ಡದು, ಆದರೆ ಬಾಯಿಯ ಎಂಜಲಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ. ಕಸ ಬಿದ್ದರೆ ಕುಡಿಯುವ ನೀರಿನಿಂದ ತೊಳೆಯಿರಿ, ಅಷ್ಟೇ. ನಾಲಿಗೆ, ಸೀರೆ ಸೆರಗು, ಎದೆಹಾಲು, ಜೇನು, ಸೊಪ್ಪಿನ ರಸ ಯಾವುದೂ ಬೇಡ.

ಕೆಂಪು ಕಡಿಮೆಯಾಯಿತು ಅಂದಿರಲ್ಲ, ನನಗೆ ಹೆದರಿಕೆ ಆಗಿದ್ದು ಅಲ್ಲೇ. ಆ ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್ ಈ ಮೂರರಲ್ಲಿ ಯಾವುದಾದರೂ ಹೆಸರು ಇದೆಯಾ ನೋಡಿ. ಇದ್ದರೆ ಅದು ಸ್ಟೀರಾಯ್ಡ್. ಕೆಂಪನ್ನೂ ನೋವನ್ನೂ ಅದು ಬೇಗ ಇಳಿಸುತ್ತದೆ. ಫಂಗಸ್‌ಗೆ ಮಾತ್ರ ಒಳಗೆ ಆರಾಮಾಗಿ ಬೆಳೆಯಲು ಬಿಡುತ್ತದೆ. ಮನೆಯವರು ‘ಗುಣ ಆಗ್ತಿದೆ’ ಅಂದುಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ಮೊದಲ ಕೆಲಸ ಕೆರೆದು ನೋಡುವುದು. ಮರಗಟ್ಟಿಸುವ ಡ್ರಾಪ್ಸ್ ಹಾಕಿ ಹುಣ್ಣಿನ ಮೇಲಿನದನ್ನು ಸ್ವಲ್ಪ ಕೆರೆದು, ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣ ಬಿಟ್ಟು ಮೈಕ್ರೋಸ್ಕೋಪ್ ಕೆಳಗೆ ಇಡುತ್ತಾರೆ. ಫಂಗಸ್‌ನ ಎಳೆಗಳಿದ್ದರೆ ಅವತ್ತೇ ಕಾಣುತ್ತವೆ. ಆಗ ನಟಾಮೈಸಿನ್ ಶೇ 5ರ ಡ್ರಾಪ್ಸ್, ಮೊದಲು ಗಂಟೆಗೊಮ್ಮೆ, ಒಟ್ಟು ಕೆಲವು ವಾರ. ಫಂಗಸ್ ಹುಣ್ಣು ಮಾಯಲು ತಡ ಮಾಡುತ್ತದೆ. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಟ್ಟುಬಿಡಬೇಡಿ.

ಗದ್ದೆಯ ನೀರಲ್ಲಿ ಇಳಿಯುವವರಿಗೆ ಇನ್ನೊಂದು ಸಂಗತಿ. ಪಿಥಿಯಮ್ ಅಂತ ನೀರಲ್ಲಿ ಬದುಕುವ ಒಂದು ಜೀವಿ ಇದೆ. ಮೈಕ್ರೋಸ್ಕೋಪ್‌ನಲ್ಲಿ ಥೇಟ್ ಫಂಗಸ್ ತರಹವೇ ಕಾಣುತ್ತದೆ, ಆದರೆ ಅದು ಫಂಗಸ್ ಅಲ್ಲ. ಅದಕ್ಕೇ ಫಂಗಸ್ ಔಷಧಿಗೆ ಬಗ್ಗುವುದಿಲ್ಲ. ಅದಕ್ಕೆ ಲೈನಜೋಲಿಡ್, ಅಜಿತ್ರೋಮೈಸಿನ್‌ನಂಥ ಬ್ಯಾಕ್ಟೀರಿಯಾ ಔಷಧಿಗಳು ಬೇಕು. ಸರಿಯಾದ ಡ್ರಾಪ್ಸ್ ಹಾಕಿಯೂ ಹುಣ್ಣು ದೊಡ್ಡದಾಗುತ್ತಿದ್ದರೆ ‘ಇದು ಪಿಥಿಯಮ್ ಇರಬಹುದಾ ಸರ್?’ ಅಂತ ನೀವೇ ಕೇಳಿ. ಹಾಗೆ ಕೇಳಿದ್ದಕ್ಕೆ ಸಿಟ್ಟಾಗುವ ವೈದ್ಯರ ಹತ್ತಿರ ಎರಡನೇ ಸಲ ಹೋಗಬೇಕಾಗಿಲ್ಲ.

ಆಪರೇಷನ್? ಹುಣ್ಣು ತೂತಾದರೆ ತುರ್ತಾಗಿ ಕಾರ್ನಿಯಾ ಕಸಿ ಮಾಡಲೇಬೇಕಾಗುತ್ತದೆ. ಹಾಗೇನೂ ಆಗದೆ ಮಾಯ್ದು ಹೂ ಉಳಿದರೆ, ಕಣ್ಣು ಶಾಂತವಾದ ಮೇಲೆ ಮಾಡುವ ಕಸಿಗೆ ಫಲ ಜಾಸ್ತಿ. 1905ರಲ್ಲಿ ಓಲೊಮೌಟ್ಸ್ ಎಂಬ ಊರಲ್ಲಿ ಎಡುವಾರ್ಡ್ ಜಿರ್ಮ್ ಎಂಬ ವೈದ್ಯ ಮೊದಲ ಬಾರಿ ಯಶಸ್ವಿಯಾಗಿ ಕಾರ್ನಿಯಾ ಕಸಿ ಮಾಡಿದಾಗ ಮೇಜಿನ ಮೇಲೆ ಮಲಗಿದ್ದವನು ಸುಣ್ಣ ಬಿದ್ದು ಕಣ್ಣು ಸುಟ್ಟುಕೊಂಡಿದ್ದ ಒಬ್ಬ ಕೂಲಿಯವ. ಈ ಆಪರೇಷನ್ ಶುರುವಾದದ್ದೇ ದುಡಿಯುವವರ ಕಣ್ಣಿನಿಂದ.

ಪ್ರಶ್ನೆ: ನನಗೆ 19 ವರ್ಷ, ಡಿಪ್ಲೊಮಾ ಓದುತ್ತಿದ್ದೇನೆ. ಎರಡು ವರ್ಷದಲ್ಲಿ ಕನ್ನಡಕ ನಾಲ್ಕು ಸಲ ಬದಲಾಯಿತು. ಸಿಲಿಂಡರ್ ನಂಬರ್ ಏರುತ್ತಲೇ ಇದೆ. ಹೊಸ ಕನ್ನಡಕದಲ್ಲೂ ಅಕ್ಷರಗಳಿಗೆ ನೆರಳು ಇದ್ದ ಹಾಗೆ ಕಾಣುತ್ತದೆ. ಪೊಲೀಸ್ ಭರ್ತಿಗೆ ಹೋಗಬೇಕು, ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ ಲಾಸಿಕ್ ಮಾಡಿಸಿಕೊಳ್ಳಲಾ? ಚಿಕ್ಕಂದಿನಿಂದ ಬೇಸಿಗೆ ಬಂದರೆ ಕಣ್ಣು ವಿಪರೀತ ತುರಿಸುತ್ತದೆ.
– ಕಲಬುರಗಿ

ಕೊನೆಯ ವಾಕ್ಯವನ್ನು ನೀವು ಸುಮ್ನೆ ಸೇರಿಸಿದ್ದೀರಿ ಅನಿಸುತ್ತದೆ. ನನಗೆ ಸುಳಿವು ಸಿಕ್ಕಿದ್ದು ಅದರಲ್ಲೇ. ನಮ್ಮ ಬಿಸಿಲು, ಧೂಳಿಗೆ ಇಲ್ಲಿನ ಎಷ್ಟೋ ಮಕ್ಕಳಿಗೆ ಕಣ್ಣಿನ ಅಲರ್ಜಿ ಇರುತ್ತದೆ. ಅವರು ಮುಷ್ಟಿ ಕಟ್ಟಿ, ಗೆಣ್ಣಿನಿಂದ ಕಣ್ಣು ಉಜ್ಜುತ್ತಾರೆ. ಉಜ್ಜಿ ಉಜ್ಜಿ ಕೆಲವರ ಕಾರ್ನಿಯಾ ಸಡಿಲವಾಗಿ, ತೆಳುವಾಗಿ, ಮುಂದಕ್ಕೆ ಕೋನ್‌ನಂತೆ ಚೂಪಾಗುತ್ತದೆ. ಇದರ ಹೆಸರು ಕೆರಟೊಕೋನಸ್. ಹರೆಯದಲ್ಲಿ ಶುರುವಾಗಿ ಇಪ್ಪತ್ತರ ಆಸುಪಾಸಿನಲ್ಲಿ ಬೇಗ ಏರುತ್ತದೆ. ನಿಮಗೆ ಅದೇ ಇದೆ ಅಂತ ಪತ್ರ ನೋಡಿ ಹೇಳಲಾರೆ. ಆದರೆ ಏರುವ ಸಿಲಿಂಡರ್ (ಕಾರ್ನಿಯಾದ ಡೊಂಕನ್ನು ಸರಿದೂಗಿಸುವ ನಂಬರ್), ಅಕ್ಷರದ ನೆರಳು, ತುರಿಕೆ ಮೂರೂ ಒಟ್ಟಿಗೆ ಇದ್ದಾಗ ಅದಲ್ಲ ಅಂತ ಖಾತ್ರಿಯಾಗುವವರೆಗೆ ಲಾಸಿಕ್ ಮಾತೇ ಎತ್ತಬೇಡಿ. ಲಾಸಿಕ್ ಅಂದರೆ ಕಾರ್ನಿಯಾವನ್ನು ಇನ್ನಷ್ಟು ತೆಳು ಮಾಡುವುದು. ಮೊದಲೇ ಸಡಿಲವಾದ ಗೋಡೆಯಿಂದ ಇಟ್ಟಿಗೆ ಕಿತ್ತ ಹಾಗಾಗುತ್ತದೆ.

ಕನ್ನಡಕದ ಅಂಗಡಿಯ ಕಂಪ್ಯೂಟರ್ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಕಾರ್ನಿಯಾದ ಏರುತಗ್ಗುಗಳ ನಕ್ಷೆ ತೆಗೆಯಬೇಕು, ಅದಕ್ಕೆ ಟೊಪೊಗ್ರಫಿ ಅನ್ನುತ್ತಾರೆ. ಕಾರ್ನಿಯಾದ ಹಿಂಬದಿ ಮತ್ತು ದಪ್ಪ ಎರಡನ್ನೂ ಅಳೆಯುವ ಪೆಂಟಾಕ್ಯಾಮ್‌ನಂಥ ಯಂತ್ರವಾದರೆ ಇನ್ನೂ ಒಳ್ಳೆಯದು. ಎಲ್ಲ ಕಡೆ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಿ. ಹೋಗುವಾಗ ಹಳೆಯ ಕನ್ನಡಕದ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ಕಾಯಿಲೆ ಎಷ್ಟು ವೇಗವಾಗಿ ಏರುತ್ತಿದೆ ಅಂತ ಅವೇ ಹೇಳುತ್ತವೆ.

ಏರುತ್ತಿದೆ ಅಂತ ಖಾತ್ರಿಯಾದರೆ ಕ್ರಾಸ್‌ಲಿಂಕಿಂಗ್ ಅಂತ ಒಂದು ಚಿಕಿತ್ಸೆ ಇದೆ. ಕಾರ್ನಿಯಾದ ಮೇಲ್ಪೊರೆ ಸರಿಸಿ, ಬಿ2 ವಿಟಮಿನ್ ಆದ ರೈಬೋಫ್ಲೇವಿನ್ ಹನಿಗಳನ್ನು ಅರ್ಧ ಗಂಟೆ ಹಾಕುತ್ತಾರೆ. ಮೂಲ ಪದ್ಧತಿಯಲ್ಲಿ ಆಮೇಲೆ ಇನ್ನರ್ಧ ಗಂಟೆ ಅಲ್ಟ್ರಾವಯಲೆಟ್ ಬೆಳಕು. ಒಳಗಿನ ನಾರುಗಳ ನಡುವೆ ಹೊಸ ಕೊಂಡಿ ಬಿದ್ದು ಕಾರ್ನಿಯಾ ಬಿಗಿಯಾಗುತ್ತದೆ. ಆದರೆ ಈ ಪದ್ಧತಿಗೆ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪ ಇರಬೇಕು. ಸಾಮಾನ್ಯ ಕಣ್ಣಿನಲ್ಲಿ ಸುಮಾರು 540 ಇರುತ್ತದೆ. ಹಾಗಾಗಿ ತಡ ಮಾಡಿದಷ್ಟೂ ನಿಮಗೇ ನಷ್ಟ. ಎರಡು ಮೂರು ದಿನ ನೋವು, ನೀರು ಸೋರುವುದು ಇರುತ್ತದೆ.

ಜನ ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲಿ. ಇದು ಕಾಯಿಲೆ ನಿಲ್ಲಿಸುವ ಚಿಕಿತ್ಸೆ, ಕನ್ನಡಕ ಬಿಡಿಸುವುದಲ್ಲ. ‘ದುಡ್ಡು ಕೊಟ್ಟೆ, ಕಣ್ಣು ಮೊದಲಿನ ಹಾಗೇ ಇದೆ’ ಅಂತ ಬೈಯುತ್ತಾ ಬಂದವರಿಗೆ ನಾನು ಸಿಹಿ ಹಂಚಬೇಕು ಅನ್ನುತ್ತೇನೆ. ಹಾಗೇ ನಿಂತಿತಲ್ಲ, ಅದೇ ಗೆಲುವು. ಸ್ಪಷ್ಟ ನೋಟಕ್ಕೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಅಥವಾ ಕಣ್ಣಿನ ಬಿಳಿ ಭಾಗದ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್ ಬೇಕಾಗಬಹುದು. ತೀರಾ ಮುಂದುವರಿದವರಿಗೆ ಮಾತ್ರ ಕಸಿ. ಅದರಲ್ಲೂ ಈಗ ಕಾರ್ನಿಯಾದ ಮೇಲಿನ ಪದರವನ್ನಷ್ಟೇ ಬದಲಿಸಲು ಬರುತ್ತದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣು ನಾಲ್ವರಿಗೆ ಬೆಳಕಾದದ್ದು ಹೀಗೆ ಪದರ ಬಿಡಿಸಿದ್ದರಿಂದ. ಮೇಲಿನದು ಇಬ್ಬರಿಗೆ, ಒಳಗಿನದು ಇನ್ನಿಬ್ಬರಿಗೆ.

ಮತ್ತೆ, ಇವತ್ತಿನಿಂದಲೇ ಕಣ್ಣು ಉಜ್ಜುವುದು ಬಂದ್. ತುರಿಸಿದರೆ ತಣ್ಣೀರ ಬಟ್ಟೆ ಇಡಿ, ಅಲರ್ಜಿಗೆ ವೈದ್ಯರು ಕೊಟ್ಟ ಡ್ರಾಪ್ಸ್ ಹಾಕಿ. ಪ್ರತಿ ಬೇಸಿಗೆ ಅಂಗಡಿಯಿಂದ ತಂದ ಡ್ರಾಪ್ಸ್ ಹಾಕುತ್ತಿದ್ದರೆ ಕಣ್ಣಿನ ಒತ್ತಡವನ್ನೂ ಅಳೆಸಿ. ಸ್ಟೀರಾಯ್ಡ್ ಇದ್ದರೆ ಸದ್ದಿಲ್ಲದೆ ಗ್ಲಾಕೋಮಾ, ಅಂದರೆ ಒತ್ತಡ ಏರಿ ಕಣ್ಣಿನ ನರ ಕೆಡುವ ಕಾಯಿಲೆ, ತರಬಹುದು. ಪೊಲೀಸ್ ಭರ್ತಿಯ ಯೋಚನೆ ಆಮೇಲೆ.

ಪ್ರಶ್ನೆ: ಅವ್ವನಿಗೆ ಮೋತಿಬಿಂದು. ಪೂರ್ತಿ ಹಣ್ಣಾಗಲಿ, ಬೇಸಿಗೆ ಕಳೆಯಲಿ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ.
– ಆಳಂದ

ಎರಡೂ ಹಳೆಯ ಕಾಲದ ಮಾತು. ಮೋತಿಬಿಂದು ಅಂದರೆ ಕಣ್ಣಿನ ಪೊರೆ. ಹಣ್ಣಾಗುವವರೆಗೆ ಬಿಟ್ಟರೆ ಪೊರೆ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ. ಅತಿಯಾಗಿ ಹಣ್ಣಾದರೆ ಸೋರಿ, ಒತ್ತಡ ಏರಿ, ತಡೆಯಲಾರದ ನೋವು ಬರುತ್ತದೆ. ಅಂಥ ಕಣ್ಣುಗಳು ನಮ್ಮ ಕಡೆ ಇನ್ನೂ ಬರುತ್ತಲೇ ಇವೆ. ಅವ್ವನಿಗೆ ಅಕ್ಕಿ ಆರಿಸಲು, ಮೆಟ್ಟಿಲು ಇಳಿಯಲು ತೊಂದರೆ ಆಗುತ್ತಿದೆ ಅಂದರೆ ಅದೇ ಸಮಯ. ಬೇಸಿಗೆಯಾದರೂ ಪರವಾಗಿಲ್ಲ, ಬೆವರಿನ ಕೈಯಿಂದ ಕಣ್ಣು ಮುಟ್ಟದಿದ್ದರೆ ಸಾಕು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾವನ್ನೂ ನೋಡಬೇಕಾಗುತ್ತದೆ.

ಪ್ರಶ್ನೆ: ತಮ್ಮನಿಗೆ 24 ವರ್ಷ. ಕತ್ತಲಾದರೆ ಗಾಡಿ ಓಡಿಸಲು ಆಗುವುದಿಲ್ಲ. ಪಂಗ್ತಿಯಲ್ಲಿ ಊಟಕ್ಕೆ ಕೂತರೆ ಪಕ್ಕದಲ್ಲಿಟ್ಟ ನೀರಿನ ಲೋಟಕ್ಕೆ ಕೈ ತಾಗಿಸಿ ಬೀಳಿಸುತ್ತಾನೆ. ನಮ್ಮ ಅವ್ವ ಅಪ್ಪನಿಗೆ ಅಕ್ಕನ ಮಗಳೇ. ಒಬ್ಬರು ಎರಡು ಲಕ್ಷ ಕೊಟ್ಟರೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸುತ್ತೇವೆ ಅನ್ನುತ್ತಾರೆ. ಅದು ಬೇಡ ಅಂದರೆ ನನ್ನದೇ ಒಂದು ಕಣ್ಣು ಅವನಿಗೆ ಹಾಕಲು ಆಗುತ್ತಾ?
– ಹುಮನಾಬಾದ್, ಬೀದರ್ ಜಿಲ್ಲೆ

ಅಕ್ಕಾ, ನಿಮ್ಮ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಗುವುದಿಲ್ಲ. ಬದುಕಿರುವವರ ಕಣ್ಣು ತೆಗೆಯುವುದಿಲ್ಲ. ತೀರಿಕೊಂಡವರಿಂದ ಪಡೆದು ಕಸಿ ಮಾಡುವುದೂ ಮುಂದಿನ ಕಾರ್ನಿಯಾ ಮಾತ್ರ. ತಮ್ಮನ ತೊಂದರೆ ಹಿಂದಿನ ರೆಟಿನಾದಲ್ಲಿದೆ. ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ಸುಮಾರು 12 ಲಕ್ಷ ಎಳೆಗಳಿವೆ, ಕತ್ತರಿಸಿದ ಮೇಲೆ ಅವನ್ನು ಜೋಡಿಸಲು ಇನ್ನೂ ಯಾರಿಗೂ ಬಂದಿಲ್ಲ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇಡೀ ಕಣ್ಣನ್ನೇ ಕಸಿ ಮಾಡಿದರು. ಕಣ್ಣು ಜೀವಂತ ಉಳಿಯಿತು, ನೋಟ ಬರಲಿಲ್ಲ.

ಇರುಳುಗಣ್ಣು, ಪಕ್ಕದ್ದು ಕಾಣದಿರುವುದು, ಹತ್ತಿರದ ಸಂಬಂಧದ ಮದುವೆ ಮೂರೂ ಸೇರಿದಾಗ ನಾವು ಮೊದಲು ಯೋಚಿಸುವುದು ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಜೀನ್ ದೋಷದಿಂದ ರೆಟಿನಾ ನಿಧಾನಕ್ಕೆ ಕೆಡುತ್ತಾ ಹೋಗುವ ಕಾಯಿಲೆ. ಹಾಗಂತ ಹೆಸರು ಅಂಟಿಸುವ ಮೊದಲು ಕೆಲವು ಪ್ರಶ್ನೆ. ಊಟ ಸರಿಯಾಗಿದೆಯಾ? ಎ ವಿಟಮಿನ್ ಕೊರತೆಯಿಂದಲೂ ಇರುಳುಗಣ್ಣು ಬರುತ್ತದೆ, ಅದು ವಾಸಿಯಾಗುತ್ತದೆ. ಕಿವಿ ಚೆನ್ನಾಗಿ ಕೇಳಿಸುತ್ತಾ? ಕೇಳಿಸದಿದ್ದರೆ ಕಿವಿ, ಕಣ್ಣು ಎರಡೂ ಕೆಡುವ ಅಷರ್ ಸಿಂಡ್ರೋಮ್ ಇರಬಹುದು. ಹುಟ್ಟುವಾಗ ಆರನೇ ಬೆರಳು ಇತ್ತಾ, ಮೈ ತುಂಬಾ ದಪ್ಪವಾ? ಹೌದಾದರೆ ಬಾರ್ಡೆಟ್–ಬೀಡಲ್ ಸಿಂಡ್ರೋಮ್ ಇರಬಹುದು, ಆಗ ಕಿಡ್ನಿಯನ್ನೂ ನೋಡಬೇಕು. ಆರನೇ ಬೆರಳನ್ನು ಎಳೆ ವಯಸ್ಸಿನಲ್ಲೇ ತೆಗೆಸಿ ಎಲ್ಲರೂ ಮರೆತುಬಿಟ್ಟಿರುತ್ತಾರೆ, ಅವ್ವನನ್ನೇ ಕೇಳಿ. ಆಮೇಲೆ ಪಾಪೆ ಅಗಲ ಮಾಡಿ ರೆಟಿನಾ ಪರೀಕ್ಷೆ, ಪಕ್ಕದ ನೋಟ ಅಳೆಯುವ ಫೀಲ್ಡ್ ಟೆಸ್ಟ್, ರೆಟಿನಾದ ಪದರಗಳ ಸ್ಕ್ಯಾನ್ ಆದ ಓಸಿಟಿ, ರೆಟಿನಾದ ವಿದ್ಯುತ್ ಅಳೆಯುವ ಇಆರ್‌ಜಿ. ಬೀದರ್ ಕಡೆಯವರಿಗೆ ಹೈದರಾಬಾದ್ ಹತ್ತಿರ, ಅಲ್ಲಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಂಥ ಕಡೆ ಇವೆಲ್ಲ ಒಂದೇ ಸೂರಿನಡಿ ಸಿಗುತ್ತವೆ.

ಎರಡು ಲಕ್ಷ ಕೊಡಬೇಡಿ. ಈ ಕಾಯಿಲೆಗೆ ನಮ್ಮಲ್ಲಿ ಒಪ್ಪಿಗೆ ಪಡೆದ ಸ್ಟೆಮ್ ಸೆಲ್ ಚಿಕಿತ್ಸೆ ಇಲ್ಲ. ನಿಜವಾದ ಸಂಶೋಧನೆಯಾದರೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಜೀನ್ ಚಿಕಿತ್ಸೆ ಒಂದಿದೆ, 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಆರ್‌ಪಿಇ65 ಎಂಬ ಒಂದೇ ಜೀನ್ ಕೆಟ್ಟವರಿಗೆ. ಎರಡೂ ಕಣ್ಣಿಗೆ ಅಲ್ಲಿ ಇಟ್ಟ ಬೆಲೆ ಎಂಟೂವರೆ ಲಕ್ಷ ಡಾಲರ್. ಆದರೂ ಜೀನ್ ಪರೀಕ್ಷೆ ಮಾಡಿಸಿ, ಯಾವ ಜೀನ್ ಅಂತ ಗೊತ್ತಿರಲಿ.

ಅಪ್ಪ ಅವ್ವನನ್ನು ದೂರಬೇಡಿ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನುಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ಒಂದೇ ಇರುತ್ತದೆ. ಅತ್ತೆ–ಮಾವನ ಮಕ್ಕಳ ನಡುವೆ ಎಂಟರಲ್ಲಿ ಒಂದು. ಇಬ್ಬರಲ್ಲೂ ಅದೇ ಕೆಟ್ಟ ಜೀನ್ ಅಡಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ 25. ತಮ್ಮನಿಗೆ ಹೆಣ್ಣು ಹುಡುಕುವಾಗ ಮತ್ತೆ ಒಳಸಂಬಂಧ ಬೇಡ ಅನ್ನುವುದು ಇದಕ್ಕೆ.

ಮಾಡಬಹುದಾದ್ದೂ ಇದೆ. ಇಂಥವರಿಗೆ ಚಿಕ್ಕ ವಯಸ್ಸಿನಲ್ಲೇ ಪೊರೆ ಬರುತ್ತದೆ, ತೆಗೆದರೆ ಇದ್ದಷ್ಟು ನೋಟ ತಿಳಿಯಾಗುತ್ತದೆ. ರೆಟಿನಾದ ನಡುವೆ ನೀರು ತುಂಬಿದ್ದರೆ ಔಷಧಿಯಿಂದ ಇಳಿಯಬಹುದು. ಎ ವಿಟಮಿನ್ ಮಾತ್ರೆ ತಾವಾಗೇ ನುಂಗುವುದು ಬೇಡ, ಕೆಲವು ಜೀನ್ ದೋಷಗಳಲ್ಲಿ ಅದು ಕೆಡುಕು ಮಾಡುತ್ತದೆ. ರಾತ್ರಿ ಗಾಡಿ ಇವತ್ತೇ ನಿಲ್ಲಿಸಲಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ನಾಚಿಕೆ ಬೇಡ.

ಪ್ರಶ್ನೆ: ಮಗಳಿಗೆ 14 ತಿಂಗಳು. ಫೋನಿನಲ್ಲಿ ಫೋಟೊ ತೆಗೆದರೆ ಒಂದು ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಬಿಳಿ ಹೊಳೆಯುತ್ತದೆ. ಅದೃಷ್ಟದ ಕಣ್ಣು ಅಂತಾರೆ ನಮ್ಮತ್ತೆ.
– ಭಾಲ್ಕಿ

ನಾಳೆಯೇ ಕಣ್ಣಿನ ವೈದ್ಯರಿಗೆ ತೋರಿಸಿ. ಫ್ಲಾಶ್ ಓರೆಯಾಗಿ ಬಿದ್ದು ಕಣ್ಣಿನ ನರದ ಬಿಳುಪು ಹಾಗೆ ಕಾಣಿಸಿರಬಹುದು. ಹುಟ್ಟು ಪೊರೆಯೂ ಇರಬಹುದು, ಅದನ್ನೂ ಬೇಗ ತೆಗೆಯದಿದ್ದರೆ ಆ ಕಣ್ಣು ನೋಡುವುದನ್ನು ಕಲಿಯುವುದೇ ಇಲ್ಲ. ನಾನು ಹೆದರುವುದು ರೆಟಿನೊಬ್ಲಾಸ್ಟೋಮಾಕ್ಕೆ. ಮಕ್ಕಳ ರೆಟಿನಾದಲ್ಲಿ ಬರುವ ಕ್ಯಾನ್ಸರ್ ಅದು. 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಕಣ್ಣೊಳಗೆ ಇರುವಾಗಲೇ ಸಿಕ್ಕರೆ ಬಹುತೇಕ ಮಕ್ಕಳು ಬದುಕುತ್ತಾರೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಮಗುವಿಗೆ ಅರಿವಳಿಕೆ ಕೊಟ್ಟು ಎರಡೂ ಕಣ್ಣು ನೋಡುತ್ತಾರೆ, ಸ್ಕ್ಯಾನ್ ಮಾಡುತ್ತಾರೆ. ಬೇರೆ ಗಡ್ಡೆಗಳ ಹಾಗೆ ಇದಕ್ಕೆ ಸೂಜಿ ಚುಚ್ಚಿ ಪರೀಕ್ಷೆ ಮಾಡುವುದಿಲ್ಲ, ಚುಚ್ಚಿದ ದಾರಿಯಲ್ಲಿ ಕ್ಯಾನ್ಸರ್ ಹೊರಗೆ ಬರಬಹುದು. ಯಾರಾದರೂ ಚುಚ್ಚೋಣ ಅಂದರೆ ಬೇಡ ಅನ್ನಿ.

ಹೋಗುವಾಗ ಆ ಫೋಟೊ ಇರುವ ಫೋನ್ ತಗೊಂಡು ಹೋಗಿ. ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದನ್ನೂ ಕರೆದುಕೊಂಡು ಹೋಗಿ, ಅದರ ಕಣ್ಣನ್ನೂ ನೋಡಬೇಕಾಗಬಹುದು.