ಸೂಳೆಕೆರೆ ಅಷ್ಟು ದೊಡ್ಡದು, ಏರಿ ಮಾತ್ರ ಏಕೆ ಅಷ್ಟು ಚಿಕ್ಕದು?

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ, ಅಂದರೆ ಶಾಂತಿಸಾಗರದಲ್ಲಿ, ಏರಿಯ ಮುಕ್ಕಾಲು ಕೆಲಸವನ್ನು ಗುಡ್ಡಗಳೇ ಮಾಡಿವೆ. ಹರಿದ್ರಾ ಹೊಳೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹೊರಬೀಳುತ್ತಿತ್ತು. 11-12ನೇ ಶತಮಾನದಲ್ಲಿ ಕೆರೆ ಕಟ್ಟಿದವರು ಆ ಸಂದನ್ನಷ್ಟೇ ಮುಚ್ಚಿದರು. ಸುಮಾರು 950 ಅಡಿ ಉದ್ದದ ಏರಿ ಸಾಕಾಯಿತು; ಹಿಂದೆ ನಿಂತ ನೀರಿನ ಹರವು ಸುಮಾರು 6,500 ಎಕರೆ! ಜಾಗ ಆರಿಸಿದ ಆ ಕಣ್ಣಿಗೆ ಕೈಮುಗಿಯಬೇಕು.

ಏರಿಯ ಮೇಲೆ ನಿಂತರೆ ನಿಮಗೇ ತಿಳಿಯುತ್ತದೆ: ಎರಡೂ ತುದಿಗೆ ಕುರುಚಲು ಗುಡ್ಡ, ಎದುರಿಗೆ ಆಚೆ ದಡ ಮಸುಕಾಗುವಷ್ಟು ನೀರು, ಕಾಲಡಿಯ ಕಲ್ಲಿಗೆ ತಟ್ಟುವ ಅಲೆ. ಸಿದ್ದನಾಲೆ, ಬಸವನಾಲೆಗಳು ಇಂದಿಗೂ ಕೆಳಗಿನ ಜಮೀನುಗಳಿಗೆ ನೀರುಣಿಸುತ್ತವೆ. ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಂದ ನೀರು ಹೋಗುತ್ತದೆ.